ಹೆಸರು ಅಳಿಸಿದರೆ ಸಾಕೇ? ರೋಗಿಗಳ ದಾಖಲೆ ಹಂಚಿಕೊಳ್ಳುವ ಮುನ್ನ

ಪ್ರಶ್ನೆ: ಸಣ್ಣ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಕಾಯಿಲೆಯನ್ನು ಮುಂಚಿತವಾಗಿ ಊಹಿಸುವ ಸಾಫ್ಟ್‌ವೇರ್ ಮಾಡುತ್ತಿರುವ ತಂಡವೊಂದು ನಮ್ಮ ಐದು ವರ್ಷದ ಹೊರರೋಗಿ ದಾಖಲೆ ಕೇಳಿದೆ. ರೋಗಿಗಳು ಸುಮಾರು 6,000. ಎಕ್ಸೆಲ್ ಫೈಲಿನಿಂದ ಹೆಸರು, ವಿಳಾಸ ತೆಗೆದಿದ್ದೇನೆ. ಒಬ್ಬರೇ ಹಲವು ಸಲ ಬಂದಿದ್ದರೆ ಗೊತ್ತಾಗಲಿ ಎಂದು ಮೊಬೈಲ್ ನಂಬರನ್ನು ಎಂಡಿ5 ಹ್ಯಾಶ್ ಮಾಡಿ, ಅಂದರೆ ಒಂದು ಸೂತ್ರದಿಂದ ಅರ್ಥವಾಗದ ಅಕ್ಷರಗಳ ಸಾಲಾಗಿ ಬದಲಿಸಿ ಇಟ್ಟಿದ್ದೇನೆ; ಒಂದೇ ನಂಬರಿಗೆ ಯಾವಾಗಲೂ ಒಂದೇ ಸಾಲು ಬರುತ್ತದೆ. ಉಳಿದಿರುವುದು ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್, ಬಂದ ದಿನಾಂಕ, ರೋಗನಿರ್ಣಯ, ವೈದ್ಯರ ಟಿಪ್ಪಣಿ. "ಹೆಸರೇ ಇಲ್ಲದ ಮೇಲೆ ಯಾರದ್ದು ಅಂತ ಯಾರಿಗೆ ಗೊತ್ತಾಗುತ್ತೆ, ಕಳಿಸಿಬಿಡಿ" ಎನ್ನುತ್ತಾರೆ ನಿರ್ದೇಶಕರು. ಮಾನಸಿಕ ಕಾಯಿಲೆ, ಎಚ್‌ಐವಿ ದಾಖಲೆಗಳೂ ಇರುವುದರಿಂದ ನನಗೆ ಧೈರ್ಯ ಬರುತ್ತಿಲ್ಲ. ನಮೂನೆಗೆಂದು 200 ಸಾಲು ಆಗಲೇ ಇಮೇಲ್ ಮಾಡಿದ್ದೂ ಆಗಿದೆ. ಈಗ ಏನು ಮಾಡಲಿ?

ಉತ್ತರ: ನಿಮ್ಮ ಅಳುಕು ಸರಿಯಾಗಿಯೇ ಇದೆ. ಈಗಿರುವ ಸ್ಥಿತಿಯಲ್ಲಿ ಆ ಫೈಲನ್ನು ಕಳಿಸಬೇಡಿ. ಹಾಗೆಂದು ಸಂಶೋಧನೆಗೆ ಬಾಗಿಲು ಹಾಕಬೇಕಿಲ್ಲ, ಕೊಡುವ ರೀತಿ ಬದಲಾಗಬೇಕು ಅಷ್ಟೇ.

ನಿರ್ದೇಶಕರ ಮಾತನ್ನೇ ಮೊದಲು ನೋಡೋಣ. ಗುರುತು ಹೆಸರಿನ ಕಾಲಂನಲ್ಲಿದೆ, ಅದನ್ನು ತೆಗೆದರೆ ಮುಗಿಯಿತು ಎಂಬುದು ಅವರ ಲೆಕ್ಕ. ಗುರುತು ನಿಜವಾಗಿ ಇರುವುದು ಉಳಿದ ಕಾಲಂಗಳು ಒಟ್ಟು ಸೇರುವ ಕಡೆ. ಎಂಬತ್ತು ವರ್ಷದ ವ್ಯಾಪ್ತಿಯಲ್ಲಿ ಹುಟ್ಟಿದ ದಿನಾಂಕಗಳು 29,200. ಗಂಡು, ಹೆಣ್ಣು ಎಂದು ಎರಡು ಪಾಲು ಮಾಡಿದರೆ 58,400 ಪೆಟ್ಟಿಗೆ. ನಿಮ್ಮಲ್ಲಿರುವ ರೋಗಿಗಳು 6,000. ಅವರು ಹೆಚ್ಚುಕಡಿಮೆ ಸಮನಾಗಿ ಹರಡಿದ್ದಾರೆ ಎಂದುಕೊಂಡರೆ ಹತ್ತರಲ್ಲಿ ಒಂಬತ್ತು ಮಂದಿ ತಮ್ಮ ಪೆಟ್ಟಿಗೆಯಲ್ಲಿ ಒಬ್ಬರೇ ಇರುತ್ತಾರೆ. ಪಿನ್‌ಕೋಡನ್ನು ಇನ್ನೂ ಮುಟ್ಟಿಯೇ ಇಲ್ಲ!

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗ 1990ರ ದಶಕದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಗೋಪ್ಯತೆಗೆ ಧಕ್ಕೆಯಿಲ್ಲ ಎಂದು ಗವರ್ನರ್ ವಿಲಿಯಂ ವೆಲ್ಡ್ ಭರವಸೆಯನ್ನೂ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿ ಕೊಂಡರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ, ಅವರಲ್ಲಿ ಗಂಡಸರು ಮೂವರು, ಗವರ್ನರ್ ಅವರ ಅಂಚೆ ಸಂಖ್ಯೆಯಲ್ಲಿ ವಾಸವಿದ್ದವರು ಒಬ್ಬರೇ. ಭರವಸೆ ಕೊಟ್ಟವರದ್ದೇ ವೈದ್ಯಕೀಯ ದಾಖಲೆ ಹೀಗೆ ಸಿಕ್ಕಿತು. ಈ ಮೂರು ವಿವರ ಗೊತ್ತಿದ್ದರೆ ಅಮೆರಿಕದ ಜನಸಂಖ್ಯೆಯಲ್ಲಿ 87 ಶೇಕಡಾ ಮಂದಿಯನ್ನು ಬೇರೆಯಾಗಿ ಗುರುತಿಸಬಹುದು ಎಂದು ಸ್ವೀನಿ 1990ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದರು. 2000ದ ಜನಗಣತಿಯ ಮೇಲೆ ಮತ್ತೊಬ್ಬ ಸಂಶೋಧಕ ಮಾಡಿದ ಲೆಕ್ಕದಲ್ಲಿ ಅದು 63 ಶೇಕಡಾಕ್ಕೆ ಇಳಿಯಿತು. ಇಳಿದ ಅಂಕಿಯೇ ಸರಿ ಎಂದುಕೊಂಡರೂ ನೆಮ್ಮದಿಯಾಗಿರುವಂಥದ್ದೇನೂ ಅಲ್ಲ.

ಇಂಥ ಚರ್ಚೆಗಳಲ್ಲಿ ಮರೆತುಹೋಗುವ ಒಂದು ವ್ಯತ್ಯಾಸವಿದೆ. ಅಮೆರಿಕದ 87, 63 ಶೇಕಡಾ ಅಂಕಿಗಳು ಇಡೀ ದೇಶದ ಜನರ ನಡುವೆ ಒಬ್ಬರು ಒಂಟಿಯಾಗುವುದರ ಬಗ್ಗೆ. ಆದರೆ ಆ ವ್ಯಕ್ತಿ ನಿಮ್ಮ ಆಸ್ಪತ್ರೆಗೆ ಬರುತ್ತಿದ್ದರು ಎಂಬುದು ಯಾರಿಗಾದರೂ ಮೊದಲೇ ಗೊತ್ತಿದ್ದರೆ, ದೇಶದಲ್ಲಿ ಒಂಟಿಯಾಗಬೇಕಿಲ್ಲ, ನಿಮ್ಮ ಫೈಲಿನೊಳಗೆ ಒಂಟಿಯಾದರೆ ಸಾಕು. ಹಾಗೆ ಗೊತ್ತಿರುವವರು ಯಾರು? ದೂರದಲ್ಲೆಲ್ಲೋ ಕೂತ ಹ್ಯಾಕರ್ ಅಲ್ಲ. ಪಕ್ಕದ ಮನೆಯವರು, ಸಹೋದ್ಯೋಗಿ, ಕೆಲಸಕ್ಕಿಟ್ಟುಕೊಂಡವರು, ಕೋರ್ಟಿನಲ್ಲಿ ಜಗಳವಾಡುತ್ತಿರುವ ಸಂಬಂಧಿ. ಹುಟ್ಟುಹಬ್ಬ ಅವರಿಗೆ ಗೊತ್ತು, ಯಾವ ವಾರ ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದರು ಎಂಬುದೂ ಗೊತ್ತು. ಗೊತ್ತಿಲ್ಲದ್ದು ರೋಗನಿರ್ಣಯದ ಕಾಲಂ ಒಂದೇ.

ಇನ್ನು ಮೊಬೈಲ್ ನಂಬರಿನ ಹ್ಯಾಶ್. ನಿಮ್ಮ ಫೈಲಿನಲ್ಲಿ ಅತಿ ದುರ್ಬಲವಾದ ಜಾಗ ಇದೇ, ಆದರೆ ಭದ್ರವಾಗಿ ಕಾಣುವುದೂ ಇದೇ. ಹ್ಯಾಶನ್ನು ಹಿಂದಕ್ಕೆ ತಿರುಗಿಸಲಾಗದು ಎಂಬುದು ನಿಜ. ತಿರುಗಿಸುವ ಅಗತ್ಯವೇ ಇಲ್ಲ ಎಂಬುದೂ ಅಷ್ಟೇ ನಿಜ. ಹತ್ತಂಕಿಯ ನಂಬರುಗಳು ಹೆಚ್ಚೆಂದರೆ 1,000 ಕೋಟಿ. ಅಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ನಿಮ್ಮ ಕಾಲಂಗೆ ತಾಳೆ ನೋಡಿದರಾಯಿತು. ಆಟಕ್ಕೆಂದು ಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅದು ಕೆಲವು ನಿಮಿಷಗಳ ಕೆಲಸವೂ ಅಲ್ಲ. ನ್ಯೂಯಾರ್ಕ್ ನಗರ 2013ರ ಟ್ಯಾಕ್ಸಿ ಪ್ರಯಾಣಗಳ ದಾಖಲೆಯಲ್ಲಿ ಟ್ಯಾಕ್ಸಿ ಮತ್ತು ಚಾಲಕರ ಲೈಸೆನ್ಸ್ ಸಂಖ್ಯೆಗಳನ್ನು ಇದೇ ಎಂಡಿ5ನಿಂದ ಮರೆಮಾಡಿತ್ತು. 2014ರಲ್ಲಿ ಅದು ಹೊರಬಿದ್ದಾಗ ಒಬ್ಬ ಸಾಫ್ಟ್‌ವೇರ್ ತಂತ್ರಜ್ಞ ಎರಡು ಗಂಟೆಯೊಳಗೆ ಎಲ್ಲವನ್ನೂ ಬಿಡಿಸಿಟ್ಟರು. ಎಂಡಿ5 ಹಳತು, ಎಸ್‌ಎಚ್‌ಎ-256 ಎಂಬ ಹೊಸ ಹ್ಯಾಶ್ ಸೂತ್ರ ಹಾಕೋಣ ಎಂದರೂ ಫಲವಿಲ್ಲ, ಏಕೆಂದರೆ ತೊಂದರೆ ಇರುವುದು ಸೂತ್ರದಲ್ಲಲ್ಲ, ಊಹಿಸಬೇಕಾದ ಸಂಖ್ಯೆಗಳು ಕಡಿಮೆ ಇರುವುದರಲ್ಲಿ. ಗುಟ್ಟಾದ ಕೀ ಸೇರಿಸಿ ಮಾಡುವ ಎಚ್‌ಮ್ಯಾಕ್ ಎಂಬ ಹ್ಯಾಶ್ ತಡೆದೀತು, ಆದರೆ ಕೀ ಎಂದೂ ಹೊರಹೋಗಬಾರದು.

ಮೊಬೈಲ್ ನಂಬರು ನಿಮ್ಮ ಕೆಲಸಕ್ಕೂ ಒಳ್ಳೆಯದಲ್ಲ ಎಂಬುದನ್ನು ಗಮನಿಸಿ. ತಾಯಿ, ಮಗು, ಅಜ್ಜಿ ಮೂವರಿಗೂ ಒಂದೇ ನಂಬರು ಬರೆಸಿರುತ್ತಾರೆ. ಹ್ಯಾಶ್ ಮಾಡಿದಾಗ ಮೂವರೂ ಸೇರಿ ಒಬ್ಬ ರೋಗಿಯಾಗಿಬಿಡುತ್ತಾರೆ. ನಂಬರು ಬದಲಿಸಿದವರು ಇಬ್ಬರಾಗುತ್ತಾರೆ. ಅದರ ಬದಲು ಆಸ್ಪತ್ರೆಯ ನೋಂದಣಿ ಸಂಖ್ಯೆ ಹಿಡಿದು ರೋಗಿಗಳ ಪಟ್ಟಿ ಮಾಡಿ, ಪಕ್ಕದ ಕಾಲಂನಲ್ಲಿ ರ‍್ಯಾಂಡಮ್ ಸಂಖ್ಯೆ ಹಾಕಿ, ಅದನ್ನು ಮೌಲ್ಯವಾಗಿ ಪೇಸ್ಟ್ ಮಾಡಿ. ಇಲ್ಲದಿದ್ದರೆ ಎಕ್ಸೆಲ್ ಪ್ರತಿ ಸಲ ಹೊಸ ಸಂಖ್ಯೆ ಹುಟ್ಟಿಸುತ್ತದೆ. ಆ ಕಾಲಂ ಪ್ರಕಾರ ವಿಂಗಡಿಸಿ, ಆಮೇಲೆ 1ರಿಂದ ಕ್ರಮವಾಗಿ ಸಂಖ್ಯೆ ಕೊಡಿ. ಮೊದಲು ಕಲಸುವುದು ಏಕೆಂದರೆ, ನೋಂದಣಿಯ ಕ್ರಮದಲ್ಲೇ ಸಂಖ್ಯೆ ಕೊಟ್ಟರೆ ಯಾರು ಯಾವ ತಿಂಗಳು ಮೊದಲ ಸಲ ಬಂದರು ಎಂಬುದು ಆ ಸಂಖ್ಯೆಯಿಂದಲೇ ಗೊತ್ತಾಗುತ್ತದೆ. ಜೋಡಿ ಪಟ್ಟಿ ನಿಮ್ಮಲ್ಲೇ, ಬೇರೆ ಯಂತ್ರದಲ್ಲಿ ಬೀಗದೊಳಗೆ ಇರಲಿ. ಮುಂದೆ ಹೊಸ ದಾಖಲೆ ಸೇರಿಸುವ ಉದ್ದೇಶವಿಲ್ಲದಿದ್ದರೆ ಅಳಿಸಿಬಿಡಿ.

ಬಂದ ದಿನಾಂಕಗಳೂ ಬೆರಳಚ್ಚಿನಷ್ಟೇ ನಿಖರ. ನೆಟ್‌ಫ್ಲಿಕ್ಸ್ 2006ರಲ್ಲಿ ಸ್ಪರ್ಧೆಯೊಂದಕ್ಕಾಗಿ ಸುಮಾರು 4.8 ಲಕ್ಷ ಚಂದಾದಾರರ 10 ಕೋಟಿ ರೇಟಿಂಗುಗಳನ್ನು ಹೆಸರಿಲ್ಲದೆ ಕೊಟ್ಟಿತ್ತು. ಎಂಟು ಸಿನಿಮಾಗಳ ರೇಟಿಂಗ್ ಗೊತ್ತಿದ್ದರೆ, ಅದರಲ್ಲಿ ಎರಡು ತಪ್ಪಾಗಿದ್ದರೂ, ದಿನಾಂಕದಲ್ಲಿ ಎರಡು ವಾರ ಆಚೀಚೆ ಆಗಿದ್ದರೂ, 99 ಶೇಕಡಾ ದಾಖಲೆಗಳನ್ನು ಬೇರ್ಪಡಿಸಬಹುದು ಎಂದು ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ತೋರಿಸಿದರು. ನಿಮ್ಮ ಸಾಫ್ಟ್‌ವೇರ್ ತಂಡಕ್ಕೆ ಬಹುಶಃ ಬೇಕಿರುವುದು ಒಂದು ಭೇಟಿಗೂ ಮತ್ತೊಂದಕ್ಕೂ ನಡುವಿನ ಅಂತರ. ಹಾಗಿದ್ದರೆ ಮೊದಲ ಭೇಟಿಯನ್ನು 0 ಎಂದಿಟ್ಟು ಉಳಿದವನ್ನು 14, 45, 210 ಎಂದು ದಿನಗಳ ಎಣಿಕೆಯಲ್ಲಿ ಕೊಡಿ, ಕ್ಯಾಲೆಂಡರೇ ಬೇಡ. ಮಳೆಗಾಲದ ಜ್ವರದಂಥ ಋತುಮಾನ ನೋಡುವುದಿದ್ದರೆ ಮೊದಲ ಭೇಟಿಗೆ ಮಾತ್ರ ವರ್ಷದ ಕಾಲುಭಾಗ ಕೊಡಬಹುದು. ಆಗಲೂ ಭೇಟಿಗಳು ಬಹಳ ಇರುವವರ ಅಂತರಗಳ ಸರಣಿ ವಿಶಿಷ್ಟವಾಗಿಯೇ ಉಳಿಯುತ್ತದೆ. ಐದು ವರ್ಷದಲ್ಲಿ 140 ಸಲ ಡಯಾಲಿಸಿಸ್‌ಗೆ ಬಂದವರನ್ನು ಯಾವ ಗುಂಪಿನಲ್ಲೂ ಅಡಗಿಸಲಾಗದು. ಅಂಥವರ ದಾಖಲೆ ಬಿಡುವುದೇ ಮೇಲು.

ವೈದ್ಯರ ಟಿಪ್ಪಣಿ ಕೊಡಬೇಡಿ. ಈ ವಿಷಯದಲ್ಲಿ ರಾಜಿಯಿಲ್ಲ. "ಹೆಡ್‌ಮಾಸ್ಟರ್ ಹೆಂಡತಿ, ತಂಗಿಗೂ ಇದೇ ತೊಂದರೆ, ಮಗ ವಿದೇಶದಲ್ಲಿ" ಎಂಬ ಸಾಲಿನಲ್ಲಿ ಒಂದು ಹೆಸರೂ ಇಲ್ಲ, ಆದರೆ ಊರಿಗೆಲ್ಲ ಯಾರೆಂದು ಗೊತ್ತು. ಹೆಸರು ಹುಡುಕಿ ಅಳಿಸುವ ಸಾಫ್ಟ್‌ವೇರ್‌ಗಳಿಗೆ ಇಂಥದ್ದು ಹಿಡಿಯಲಾಗದು, ಕಾಗುಣಿತ ತಪ್ಪಿದ ಹೆಸರೂ ಅನೇಕ ಸಲ ಜಾರಿಹೋಗುತ್ತದೆ. ಟಿಪ್ಪಣಿಯಲ್ಲಿ ರಕ್ತದೊತ್ತಡ, ಸಕ್ಕರೆ ಪ್ರಮಾಣ ಮಾತ್ರ ಬೇಕಿದ್ದರೆ ಅವನ್ನು ಹೆಕ್ಕಿ ಪ್ರತ್ಯೇಕ ಕಾಲಂ ಮಾಡಿ.

ಉಳಿದ ಕಾಲಂಗಳನ್ನು ಮಸುಕು ಮಾಡಬೇಕು. ಹುಟ್ಟಿದ ದಿನಾಂಕದ ಬದಲು ಐದು ವರ್ಷದ ವಯೋಗುಂಪು ಹಾಕಿದರೆ ಪೆಟ್ಟಿಗೆಗಳು 58,400ರಿಂದ 32ಕ್ಕೆ ಇಳಿಯುತ್ತವೆ, ಒಂದೊಂದರಲ್ಲಿ ಸರಾಸರಿ 187 ಮಂದಿ. ಹತ್ತು ಪಿನ್‌ಕೋಡ್ ಸೇರಿಸಿದರೆ 320 ಪೆಟ್ಟಿಗೆ, ಸರಾಸರಿ 19ಕ್ಕೂ ಕಡಿಮೆ. ಪಿನ್‌ಕೋಡ್ ಇಷ್ಟು ದುಬಾರಿ. ಅವರಿಗೆ ಬೇಕಿರುವುದು ನಗರವೋ ಹಳ್ಳಿಯೋ ಎಂಬುದಷ್ಟೇ ಆಗಿದ್ದರೆ ಅದನ್ನೇ ಕೊಡಿ. ಸರಾಸರಿಯನ್ನು ನಂಬಿ ಕೂರಬೇಡಿ, ಅಂಚುಗಳು ತೆಳ್ಳಗಿರುತ್ತವೆ. 92 ವರ್ಷದವರು ಒಬ್ಬರೇ ಇರಬಹುದು. ಅಮೆರಿಕದ ಆರೋಗ್ಯ ಗೋಪ್ಯತೆಯ ಹಿಪಾ ನಿಯಮಗಳು 89 ದಾಟಿದವರನ್ನೆಲ್ಲ '90 ಮತ್ತು ಮೇಲ್ಪಟ್ಟು' ಎಂದು ಒಟ್ಟು ಮಾಡಿಸುವುದು ಇದಕ್ಕೇ. ನಿಮ್ಮಂಥ ಸಣ್ಣ ಫೈಲಿಗೆ 75ರಲ್ಲೇ ಕಟ್ಟಿಹಾಕುವುದು ವಾಸಿ.

ಮಸುಕಾಯಿತೇ ಇಲ್ಲವೇ ಎಂದು ಎಣಿಸಿ ನೋಡಬಹುದು. ಎಕ್ಸೆಲ್‌ನ ಕೌಂಟ್‌ಇಫ್ಸ್ ಸೂತ್ರದಲ್ಲಿ ವಯೋಗುಂಪು, ಲಿಂಗ, ಪ್ರದೇಶ ಮೂರನ್ನೂ ಒಟ್ಟಿಗೆ ಕೊಟ್ಟು, ಪ್ರತಿ ಸಾಲಿಗೂ ಅದೇ ಜೋಡಣೆಯವರು ಎಷ್ಟು ಮಂದಿ ಎಂದು ಒಂದು ಕಾಲಂ ಮಾಡಿ. ಇದನ್ನು ರೋಗಿಗೊಂದು ಸಾಲು ಇರುವ ಪಟ್ಟಿಯಲ್ಲೇ ಮಾಡಬೇಕು. ಭೇಟಿಗೊಂದು ಸಾಲು ಇರುವ ಪಟ್ಟಿಯಲ್ಲಿ ಮಾಡಿದರೆ ಹನ್ನೆರಡು ಸಲ ಬಂದ ಒಬ್ಬರೇ ಹನ್ನೆರಡು ಮಂದಿಯ ಗುಂಪಿನಂತೆ ಕಾಣುತ್ತಾರೆ. ಎಲ್ಲ ಸರಿಯಾಗಿದೆ ಎಂದು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ಗುಂಪು 10ಕ್ಕಿಂತ ಚಿಕ್ಕದಾಗಿ ಕಂಡಲ್ಲಿ ವಯೋಗುಂಪು ಇನ್ನಷ್ಟು ಅಗಲಿಸಿ, ಆಗದಿದ್ದರೆ ಆ ರೋಗಿಗಳನ್ನು ಕೈಬಿಡಿ. 5 ಸಾಕು ಎನ್ನುವವರಿದ್ದಾರೆ. ಎಚ್‌ಐವಿ, ಮಾನಸಿಕ ಕಾಯಿಲೆ ಸೇರಿರುವ ಫೈಲಿಗೆ ನಾನು 5 ಒಪ್ಪುವುದಿಲ್ಲ.

ಗುಂಪು ದೊಡ್ಡದಿದ್ದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. 30ರಿಂದ 34 ವಯಸ್ಸಿನ, ಇಂಥ ಪ್ರದೇಶದ ಹನ್ನೆರಡು ಗಂಡಸರಿದ್ದಾರೆ, ಹನ್ನೆರಡೂ ಮಂದಿಗೆ ಒಂದೇ ರೋಗನಿರ್ಣಯ ಎಂದುಕೊಳ್ಳಿ. ತನ್ನ ಸಹೋದ್ಯೋಗಿಯ ಸಾಲು ಯಾವುದೆಂದು ಹುಡುಕುವವನಿಗೆ ಗೊತ್ತಾಗುವುದಿಲ್ಲ, ಕಾಯಿಲೆ ಯಾವುದೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಪ್ರತಿ ಗುಂಪಿನೊಳಗೆ ರೋಗನಿರ್ಣಯ ಎಷ್ಟು ಬಗೆಯದಿದೆ ಎಂದೂ ನೋಡಬೇಕು. ಇಡೀ ಆಸ್ಪತ್ರೆಯಲ್ಲೇ ಇಬ್ಬರಿಗೋ ಮೂವರಿಗೋ ಇರುವ ಅಪರೂಪದ ಕಾಯಿಲೆಯನ್ನು 'ಇತರ ನರರೋಗ' ಎಂಬಂಥ ದೊಡ್ಡ ವರ್ಗಕ್ಕೆ ಸೇರಿಸಿ.

ಫೈಲಿನೊಳಗೆ ಕಣ್ಣಿಗೆ ಬೀಳದೆ ಉಳಿಯುವ ಕಸವೂ ಇರುತ್ತದೆ. ಅಡಗಿಸಿದ ಕಾಲಂ ಮತ್ತು ಶೀಟು, ಸೆಲ್ ಕಾಮೆಂಟು, ಎಲ್ಲಕ್ಕಿಂತ ಹೆಚ್ಚಾಗಿ ಡೇಟಾದ ಸಾರಾಂಶ ತೋರಿಸುವ ಪಿವಟ್ ಟೇಬಲ್: ಮೂಲ ಶೀಟನ್ನು ಅಳಿಸಿದರೂ ಪಿವಟ್ ತನ್ನ ಬೆನ್ನಲ್ಲಿ ಪೂರ್ತಿ ಡೇಟಾದ ಪ್ರತಿ ಇಟ್ಟುಕೊಂಡಿರಬಹುದು. ಎಕ್ಸೆಲ್ ಫೈಲನ್ನೇ ಕೊಡದೆ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಟ್ಟ ಬರೀ ಪಠ್ಯದ ಫೈಲ್ ಆಗಿ ಉಳಿಸಿ. ಅಡಗಿಸಿದ ಕಾಲಂಗಳು ಸಿಎಸ್‌ವಿಯೊಳಗೂ ಬರುತ್ತವೆ, ಆದ್ದರಿಂದ ಮೊದಲು ಅವನ್ನು ಅಳಿಸಿ, ಕೊನೆಗೆ ನೋಟ್‌ಪ್ಯಾಡಿನಲ್ಲಿ ತೆರೆದು ಕಣ್ಣಾರೆ ನೋಡಿ.

ಕಾನೂನಿನ ಮಾತು ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿ ಏನಿದೆ ಎಂದು ವಕೀಲರನ್ನು ಕೇಳಲೇಬೇಕು. ಆದರೆ ಐರೋಪ್ಯ ಒಕ್ಕೂಟದ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ ಮಾಡುವ ಒಂದು ವಿಂಗಡಣೆ ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆ. ಹೆಸರಿನ ಜಾಗದಲ್ಲಿ ಗುಪ್ತ ಸಂಖ್ಯೆ ಇಟ್ಟು, ಬೇರೆ ಮಾಹಿತಿ ಜೋಡಿಸಿದರೆ ವ್ಯಕ್ತಿ ಸಿಗುವಂತಿದ್ದರೆ ಅದು ಆ ಕಾನೂನಿನ ಕಣ್ಣಿನಲ್ಲಿ ಇನ್ನೂ ವೈಯಕ್ತಿಕ ಡೇಟಾ, ಎಲ್ಲ ಹೊಣೆಯೂ ಹಾಗೇ ಇರುತ್ತದೆ. ಸಹಜವಾಗಿ ಬಳಸಬಹುದಾದ ಯಾವ ದಾರಿಯಿಂದಲೂ ವ್ಯಕ್ತಿ ಸಿಗದಿದ್ದಾಗ ಮಾತ್ರ ಅದು ಅನಾಮಿಕ. ನಿಮ್ಮ ಫೈಲ್ ಮೊದಲನೆಯ ಬಗೆಯದು. ಮೇಲೆ ಹೇಳಿದ್ದೆಲ್ಲ ಮಾಡಿದ ಮೇಲೂ ಅದನ್ನು ಮೊದಲನೆಯ ಬಗೆಯದೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಕಾನೂನು ಬಿಟ್ಟು ನೋಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ರೋಗಿಗಳು ವಿವರ ಕೊಟ್ಟದ್ದು ಚಿಕಿತ್ಸೆಗೆ. ನಿಮ್ಮ ಒಪ್ಪಿಗೆ ಪತ್ರದಲ್ಲಿ ಸಂಶೋಧನೆಯ ಮಾತು ಇದೆಯೇ ನೋಡಿ. ಇಲ್ಲದಿದ್ದರೆ ನೈತಿಕ ಸಮಿತಿಯ ಅನುಮತಿ ಪಡೆಯುವುದು ನಿರ್ದೇಶಕರಿಗೇ ರಕ್ಷಣೆ, ಅವರಿಗೆ ಇದನ್ನು ಹೀಗೆಯೇ ಹೇಳಿ.

ಹಾಗಾದರೆ ಕೊಡುವುದು ಹೇಗೆ? ನನಗೆ ಎಲ್ಲಕ್ಕಿಂತ ಮೇಲೆನಿಸುವುದು ಫೈಲ್ ಕೊಡದೆ ಉತ್ತರ ಕೊಡುವುದು. ತಂಡ ತನ್ನ ಪ್ರೋಗ್ರಾಂ ಕಳಿಸಲಿ, ಇಂಟರ್ನೆಟ್ ಇಲ್ಲದ ನಿಮ್ಮದೇ ಯಂತ್ರದಲ್ಲಿ ಅದು ಓಡಲಿ, ಫಲಿತಾಂಶವನ್ನು ನೀವು ನೋಡಿ ಹೊರಗೆ ಬಿಡಿ. ತೊಡಕುಗಳು ಇವೆ: ಅವರ ಕೆಲಸ ನಿಧಾನವಾಗುತ್ತದೆ, ನಿಮಗೆ ಕೆಲಸ ಹೆಚ್ಚುತ್ತದೆ, ಜೊತೆಗೆ ಹೊರಹೋಗುವ ಕೋಷ್ಟಕವೂ ಸೋರಬಹುದು. 10ಕ್ಕಿಂತ ಕಡಿಮೆ ಎಣಿಕೆಯ ಖಾನೆಯನ್ನು ಮುಚ್ಚಿದಿರಿ ಎನ್ನೋಣ, ಸಾಲಿನ ಕೊನೆಯಲ್ಲಿ ಒಟ್ಟು ಮೊತ್ತ ಹಾಗೇ ಇದ್ದರೆ ಕಳೆದು ನೋಡಿದವರಿಗೆ ಮುಚ್ಚಿದ್ದು ಸಿಕ್ಕಿಬಿಡುತ್ತದೆ. ಆದ್ದರಿಂದ ಜೊತೆಗೆ ಇನ್ನೊಂದು ಖಾನೆಯನ್ನೂ ಮುಚ್ಚಬೇಕು. ಹೋದ ತಿಂಗಳ ಕೋಷ್ಟಕದಲ್ಲಿ 41, ಈ ತಿಂಗಳದರಲ್ಲಿ 42 ಇದ್ದರೆ, ಈ ತಿಂಗಳು ಹೊಸದಾಗಿ ಸೇರಿದವರು ಯಾರೆಂದು ಗೊತ್ತಿರುವವನಿಗೆ ಅದೇ ಸಾಕು. ನಿಮ್ಮ ದಾಖಲೆಗಳಿಂದ ಊಹಿಸುವುದನ್ನು ಕಲಿತ (ತರಬೇತಿಗೊಂಡ) ಮಾಡೆಲ್ ಹೊರಹೋಗುವುದಿದ್ದರೂ ಎಚ್ಚರ ಬೇಕು. ಒಬ್ಬರ ದಾಖಲೆ ತರಬೇತಿಯಲ್ಲಿತ್ತೇ ಎಂದು ಮಾಡೆಲ್‌ನ ಉತ್ತರಗಳಿಂದಲೇ ಊಹಿಸುವ ದಾಳಿಗಳಿವೆ, ಅಪರೂಪದ ರೋಗಿಗಳೇ ಅದಕ್ಕೆ ಸುಲಭವಾಗಿ ಸಿಗುವವರು.

ಅವರಿಗೆ ಫೈಲೇ ಬೇಕು ಎಂದಾದರೆ ಮಸುಕು ಮಾಡಿದ ಫೈಲು ಒಪ್ಪಂದದ ಜೊತೆ ಹೋಗಲಿ. ವ್ಯಕ್ತಿಯನ್ನು ಗುರುತಿಸಲು ಯತ್ನಿಸುವಂತಿಲ್ಲ, ಬೇರೆ ಡೇಟಾದೊಂದಿಗೆ ಜೋಡಿಸುವಂತಿಲ್ಲ, ಮೂರನೆಯವರಿಗೆ ಕೊಡುವಂತಿಲ್ಲ, ಇಂಥ ದಿನದೊಳಗೆ ಅಳಿಸಿ ಲಿಖಿತವಾಗಿ ತಿಳಿಸಬೇಕು, ಸೋರಿಕೆಯಾದರೆ ಇಷ್ಟು ಗಂಟೆಯೊಳಗೆ ಹೇಳಬೇಕು ಎಂಬುದು ಬರವಣಿಗೆಯಲ್ಲಿರಲಿ. ಒಪ್ಪಂದ ಒಳ್ಳೆಯವರನ್ನು ಒಳ್ಳೆಯವರಾಗಿ ಇಡುತ್ತದೆ, ಕಳುವಾದ ಲ್ಯಾಪ್‌ಟಾಪನ್ನು ಅದು ತಡೆಯಲಾರದು. ಮಸುಕು ಮಾಡುವುದೂ ಒಪ್ಪಂದವೂ ಎರಡೂ ಬೇಕೆನ್ನುವುದು ಅದಕ್ಕೇ.

ಅಸಲಿಯನ್ನು ಹೋಲುವ ಕೃತಕ ಡೇಟಾ ಕೊಡಬಹುದೆಂದು ಯಾರಾದರೂ ಸೂಚಿಸಬಹುದು. ಪ್ರೋಗ್ರಾಂ ಬರೆದು ಪರೀಕ್ಷಿಸಲು ಅದು ಚೆನ್ನ, ವೈದ್ಯಕೀಯ ತೀರ್ಮಾನಕ್ಕೆ ನೆಚ್ಚಲಾಗದು. ಚೆನ್ನಾಗಿ ಹೋಲುವಂತೆ ಮಾಡಿದಷ್ಟೂ ಅಸಲಿ ರೋಗಿಗಳೇ ಅದರಲ್ಲಿ ಇಣುಕುತ್ತಾರೆ. ಲೆಕ್ಕಾಚಾರದ ಭರವಸೆ ಇರುವ ದಾರಿ 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು ರೂಪಿಸಿದ ಡಿಫರೆನ್ಷಿಯಲ್ ಪ್ರೈವೆಸಿ. ಪ್ರತಿ ಎಣಿಕೆಗೂ ಅಳತೆಯಿಟ್ಟು ಗದ್ದಲ, ಅಂದರೆ ರ‍್ಯಾಂಡಮ್ ಏರುಪೇರು ಬೆರೆಸುವುದು ಅದರ ಕ್ರಮ, ಅಮೆರಿಕದ 2020ರ ಜನಗಣತಿಯಲ್ಲಿ ಇದನ್ನು ಬಳಸಿದ್ದಾರೆ. ಗೋಪ್ಯತೆ ಎಷ್ಟು ಸಡಿಲ ಎಂದು ಹೇಳುವ ಎಪ್ಸಿಲಾನ್ ಎಂಬ ಅಳತೆ 1 ಇದ್ದರೆ ಒಂದು ಎಣಿಕೆ ಸರಾಸರಿ 1ರಷ್ಟು ಆಚೀಚೆ ಆಗುತ್ತದೆ, 0.1 ಇದ್ದರೆ 10ರಷ್ಟು. ಒಟ್ಟು ಎಪ್ಸಿಲಾನ್ ಒಂದು ಗಂಟಿನಂತೆ, ಪ್ರತಿ ಹೊಸ ಪ್ರಶ್ನೆಯೂ ಅದರಿಂದಲೇ ಖರ್ಚಾಗುತ್ತದೆ. 6,000 ರೋಗಿಗಳನ್ನು ನೂರಾರು ಚಿಕ್ಕ ಗುಂಪು ಮಾಡಿ ಕೇಳಿದರೆ ಉಳಿಯುವುದು ಗದ್ದಲ ಮಾತ್ರ. ದೊಡ್ಡ ಡೇಟಾ ಇರುವವರಿಗೆ ಹೇಳಿಮಾಡಿಸಿದ್ದು, ನಿಮಗೆ ಅಷ್ಟಾಗಿ ಹೊಂದದು.

ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಹಾಕೋಣ ಎಂಬ ಮಾತು ಮುಂದೆ ಬಂದರೆ ಬೇಡವೆನ್ನಿ. ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ 2006ರ ಆಗಸ್ಟ್‌ನಲ್ಲಿ ಸುಮಾರು 6.5 ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು ಹೆಸರಿನ ಬದಲು ಸಂಖ್ಯೆ ಕೊಟ್ಟು ಹೊರಬಿಟ್ಟಿತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯ ಮನೆಬಾಗಿಲಿಗೆ ಹೋಗಿ ನಿಂತರು. ಎಒಎಲ್ ಫೈಲ್ ತೆಗೆದುಹಾಕಿತಾದರೂ ಅಷ್ಟರಲ್ಲಿ ಅದರ ಪ್ರತಿಗಳು ಎಲ್ಲೆಡೆ ಹರಡಿದ್ದವು.

ಕೊನೆಯದಾಗಿ ನೀವು ಕಳಿಸಿರುವ 200 ಸಾಲು. ಇದನ್ನು ಇವತ್ತೇ ಮಾಡಿ. ಕಳಿಸಿದ ಫೈಲಿನ ಅದೇ ಪ್ರತಿಯನ್ನು ತೆರೆದು ಯಾವ ಕಾಲಂ ಹೋಗಿದೆ, ಟಿಪ್ಪಣಿ ಹೋಗಿದೆಯೇ, ಅಡಗಿಸಿದ ಶೀಟು ಇತ್ತೇ, ಎಷ್ಟು ಜನರ ಸೂಕ್ಷ್ಮ ರೋಗನಿರ್ಣಯ ಇದೆ ಎಂದು ಬರೆದಿಡಿ. ಆ ಫೈಲನ್ನು ಅಳಿಸಬೇಡಿ, ಏನು ಹೋಯಿತು ಎಂಬುದಕ್ಕೆ ನಿಮ್ಮಲ್ಲಿರುವ ದಾಖಲೆ ಅದೊಂದೇ. ಪಡೆದವರಿಗೆ ಇಮೇಲ್ ಬರೆದು ಇನ್‌ಬಾಕ್ಸ್, ಡೌನ್‌ಲೋಡ್ ಫೋಲ್ಡರ್, ಕ್ಲೌಡ್ ಬ್ಯಾಕಪ್ ಮೂರೂ ಕಡೆಯಿಂದ ಅಳಿಸಲು, ಯಾರಿಗೆ ಫಾರ್ವರ್ಡ್ ಆಗಿದೆ ಎಂದು ತಿಳಿಸಲು, ಅಳಿಸಿದ್ದನ್ನು ಲಿಖಿತವಾಗಿ ಖಚಿತಪಡಿಸಲು ಕೇಳಿ. ನಿರ್ದೇಶಕರಿಗೆ ಬಾಯಿಮಾತಿನಲ್ಲಿ ಹೇಳಿ ಬಿಡದೆ ಬರೆದು ತಿಳಿಸಿ. ಹಲವು ದೇಶಗಳ ಕಾನೂನಿನಲ್ಲಿ ಇಂಥದ್ದನ್ನು ಪ್ರಾಧಿಕಾರಕ್ಕೆ ವರದಿ ಮಾಡಲು ಗಡುವಿರುತ್ತದೆ. ಜಿಡಿಪಿಆರ್‌ನಲ್ಲಿ ಅದು ಗೊತ್ತಾದ 72 ಗಂಟೆಯೊಳಗೆ. ನಿಮಗೆ ಅನ್ವಯಿಸುವ ಗಡುವು ಯಾವುದು, ವರದಿ ಮಾಡಬೇಕೇ ಬೇಡವೇ ಎಂಬುದನ್ನು ವಕೀಲರು ನಿರ್ಧರಿಸಲಿ. ಅವರು ಕೇಳುವ ಮೊದಲ ಪ್ರಶ್ನೆ ಕಳಿಸಿದ್ದು ಯಾವಾಗ, ಗೊತ್ತಾದದ್ದು ಯಾವಾಗ ಎಂದೇ ಆಗಿರುತ್ತದೆ, ಎರಡನ್ನೂ ಗಂಟೆ ಸಮೇತ ಈಗಲೇ ಬರೆದಿಟ್ಟುಕೊಳ್ಳಿ.